ನಾಲ್ಕನೇ ಮನೆಯ ಚೀಟಿ

ಜೂನ್ ೬

ಅಕ್ಕಾ,

ಸಾಮಾನು ಬಿಚ್ಚಿ ಮುಗಿಯಿತು. ನಾಲ್ಕು ವರ್ಷದಲ್ಲಿ ಇದು ಮೂರನೇ ಮನೆ. ಇವರ ಸೇತುವೆ ಕಟ್ಟುವ ಕೆಲಸ ಎಲ್ಲಿಗೆ ಹೋಗುತ್ತದೋ ನಮ್ಮ ಗಂಟುಮೂಟೆಯೂ ಅಲ್ಲಿಗೆ. ಎರಡನೇ ಮಹಡಿ, ಎದುರಿಗೆ ಲಾಂಡ್ರಿ. ಇವರು ಸೋಮವಾರ ಸೈಟಿಗೆ ಹೋದರೆ ಶನಿವಾರ ಸಂಜೆಯೇ ಮುಖ ತೋರಿಸುವುದು. ನನಗೆ ಬೈಂಡಿಂಗ್ ಕೆಲಸ ಸಿಕ್ಕಿದೆ. ಇಲ್ಲಿನ ಲೈಬ್ರರಿಯವರು ವಾರಕ್ಕೆ ಹತ್ತು ಹರಿದ ಪುಸ್ತಕ ಕೊಡುತ್ತಾರೆ, ಹೊಲಿದು ಅಂಟಿಸಿ ಹಿಂದಿರುಗಿಸುತ್ತೇನೆ.

ಗುಬ್ಬಿಗೆ ಮನೆಯಲ್ಲೇ ಪಾಠ ಹೇಳಿದರೆ ಮಗು ಮೂಗಿಯಾಗುತ್ತೆ ಅಂತ ನೀನು ಬೈಯುತ್ತಿದ್ದೆಯಲ್ಲ, ಅದಕ್ಕೊಂದು ದಾರಿ ಹುಡುಕಿದ್ದೇನೆ. ನಮ್ಮ ಹಾಗೆಯೇ ಮನೆಯಲ್ಲಿ ಓದಿಸುವ ಆರು ಮನೆಯವರು ಪ್ರತಿ ಬುಧವಾರ ಒಬ್ಬ ಬಡಗಿಯ ಕಾರ್ಖಾನೆಯ ಮೇಲಿನ ಕೋಣೆಯಲ್ಲಿ ಸೇರುತ್ತಾರೆ. ಹನ್ನೊಂದು ಮಕ್ಕಳು. ಪುಸ್ತಕ ಮುಟ್ಟುವ ಹಾಗಿಲ್ಲ, ಎಲ್ಲ ಕೈಯಲ್ಲೇ ಮಾಡಬೇಕು, ಅದೂ ಗುಂಪಾಗಿ. ಈಗ ಒಂದು ಬೆಂಚು ಮಾಡುತ್ತಿದ್ದಾರೆ. ನಾಲ್ಕು ಕಾಲನ್ನು ನಾಲ್ಕು ಜನ ಬೇರೆಬೇರೆಯಾಗಿ ಕತ್ತರಿಸಿದರಂತೆ. ಒಂದು ಕಾಲು ಉದ್ದ ಅಂತ ಅದನ್ನು ಕತ್ತರಿಸಿದರು, ಆಮೇಲೆ ಇನ್ನೊಂದು ಉದ್ದ ಕಂಡಿತು. ಹೀಗೇ ಹೋದರೆ ಬೆಂಚು ಮಣೆಯಾಗುತ್ತೆ ಅಂತ ಬಡಗಿ ಮೇಷ್ಟ್ರು ನಗುತ್ತಿದ್ದರು, ಆದರೆ ಒಂದು ಮಾತೂ ಹೇಳಿಕೊಡಲಿಲ್ಲ. ದೊಡ್ಡವರು ಕೈ ಕಟ್ಟಿಕೊಂಡು ಕೂತಿರಬೇಕು, ಅದು ಅಲ್ಲಿಯ ಕಾನೂನು.

ಇನ್ನೊಂದು ಕಾನೂನು ಕೇಳು. ಕೋಣೆಯ ಮಧ್ಯೆ ಪ್ಲೈವುಡ್ ಹಲಗೆಗಳ ಅಡ್ಡ. ಎರಡು ಕಡೆಯೂ ಮಕ್ಕಳು. ನಮ್ಮ ಮಗು ಇರುವ ಕಡೆ ನಾವು ಕೂರುವಂತಿಲ್ಲ. ಬೇರೆಯವರ ಮಕ್ಕಳನ್ನು ನೋಡಿ, ಏನು ಕಂಡಿತೋ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಮೆಟ್ಟಿಲ ಬಳಿ ಮನೆಗೊಂದು ಗೂಡಿದೆ, ನಮ್ಮದು ನಾಲ್ಕನೇ ನಂಬರು. ಮುಂದಿನ ವಾರ ಆ ಗೂಡಿನಲ್ಲಿ ನಮ್ಮ ಚೀಟಿ ಇರುತ್ತದೆ. ಬರೆದವರ ಗುರುತು ಸಿಗದಿರಲೆಂದೋ ಏನೋ, ಎಲ್ಲವನ್ನೂ ಮೇಷ್ಟ್ರೇ ತಮ್ಮ ಅಕ್ಷರದಲ್ಲಿ ನಕಲು ಮಾಡುತ್ತಾರೆ. ಇದಿಷ್ಟನ್ನು ಅವರು ವಿವರಿಸುವಾಗ ಕೆಳಗೆ ಗರಗಸದ ಯಂತ್ರ ಓಡುತ್ತಿತ್ತು. ಅರ್ಧ ಕೇಳಿಸಿತು, ಉಳಿದರ್ಧಕ್ಕೆ ತಲೆಯಾಡಿಸಿದೆ.

ನಿನ್ನ ತಂಗಿ

ಜೂನ್ ೧೩

ಮರೀ,

ಕಾಗದ ಸಿಕ್ಕಿತು. ಫೋನಿನಲ್ಲಿ ನೀನು ಹೂಂ, ಉಹೂಂ ಬಿಟ್ಟು ಮೂರನೇ ಮಾತು ಆಡುವವಳಲ್ಲ. ಕಾಗದ ಬರೆದಾಗ ಮಾತ್ರ ನನಗೊಬ್ಬಳು ತಂಗಿ ಇದ್ದಾಳೆ ಅನಿಸುವುದು. ಆದ್ದರಿಂದ ಬರೆಯುತ್ತಲೇ ಇರು.

ಬಡಗಿಯ ಅಟ್ಟದ ಮೇಲೆ ಪಾಠವಂತೆ! ಇಪ್ಪತ್ತೆಂಟು ವರ್ಷ ಐದನೇ ತರಗತಿಗೆ ಪಾಠ ಹೇಳಿದವಳು ನಾನು. ಮಕ್ಕಳು ಬೆಂಚು ಮಾಡಿ ಕಲಿಯುವುದಿಲ್ಲ ಕಣೇ, ಬೆಂಚಿನ ಮೇಲೆ ಕೂತು, ಪಕ್ಕದವಳ ಜಡೆ ಎಳೆದು, ಬೈಸಿಕೊಂಡು ಕಲಿಯುತ್ತಾರೆ. ವಾರಕ್ಕೊಂದು ದಿನದ ಸ್ನೇಹ ಯಾವ ಮೂಲೆಗೆ? ನಮ್ಮ ಶಾಲೆಯಲ್ಲಿ ಆರನೇ ತರಗತಿಗೆ ಆಗಸ್ಟ್ ಹತ್ತರವರೆಗೆ ಸೇರಿಸಿಕೊಳ್ಳುತ್ತಾರೆ. ಮಗು ನನ್ನ ಹತ್ತಿರ ಇದ್ದು ಓದಲಿ ಅಂತ ಎಷ್ಟು ಸಲ ಹೇಳಿದೆ? ಒತ್ತಾಯವೇನಿಲ್ಲ. ಯೋಚಿಸು.

ಅಕ್ಕ

ಜೂನ್ ೨೦

ಅಕ್ಕಾ,

ಮೊದಲ ಚೀಟಿ ಬಂತು. ಇದ್ದ ಹಾಗೇ ಬರೆಯುತ್ತೇನೆ.

‘ನಾಲ್ಕನೇ ಮನೆ. ಕೂತದ್ದು ಕಿಟಕಿ ಪಕ್ಕ. ಮಾತು ಎರಡು ಸಲ, ಎರಡು ಸಲವೂ ಪರವಾಗಿಲ್ಲ ಎಂದು. ಎಲ್ಲರೂ ನಕ್ಕಾಗ ನಗು, ಆದರೆ ಸ್ವಲ್ಪ ತಡವಾಗಿ.’

ನನಗೆ ತಲೆಬುಡ ಅರ್ಥವಾಗಲಿಲ್ಲ. ಯಾರ ಬಗ್ಗೆ ಇದು? ಮನೆಯಲ್ಲಿ ಈ ಹುಡುಗಿ ಎದ್ದಾಗಿನಿಂದ ಮಲಗುವವರೆಗೆ ವಟವಟ ನಿಲ್ಲಿಸುವುದಿಲ್ಲ. ನಾನು ಪುಸ್ತಕ ಹೊಲಿಯುತ್ತಿದ್ದರೆ ಪಕ್ಕದಲ್ಲಿ ಕೂತು ಲಾಂಡ್ರಿಗೆ ಬಂದವರ ಕಥೆಯನ್ನೆಲ್ಲ ತಾನೇ ಕಟ್ಟಿ ಹೇಳುತ್ತಾಳೆ. ಅಂಥವಳು ಅಲ್ಲಿ ಹೋಗಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಾಳೆಯೆ?

‘ಇವತ್ತು ಹೇಗಿತ್ತು?’ ಅಂತ ಕೇಳಿದೆ.

‘ಚೆನ್ನಾಗಿತ್ತು.’

‘ಯಾರ ಜೊತೆ ಮಾತಾಡ್ದೆ?’

‘ಎಲ್ರ ಜೊತೆ. ಯಾಕಮ್ಮಾ?’

ಚೀಟಿ ಅವಳಿಗೆ ತೋರಿಸಲಿಲ್ಲ. ಮುದುರಿ ಅಂಟಿನ ಡಬ್ಬಿಯ ಕೆಳಗಿಟ್ಟೆ. ಹೊಸ ಜಾಗ, ಸರಿಹೋದೀತು. ಬೆಂಚು ಈಗ ಮೊಣಕಾಲಿನಷ್ಟು ಎತ್ತರಕ್ಕೆ ಇಳಿದಿದೆ.

ನಿನ್ನ ತಂಗಿ

ಜೂನ್ ೨೭

ಮರೀ,

ಮನೆಯಲ್ಲಿ ಹುಲಿ, ಹೊರಗೆ ಇಲಿ. ಇಂಥ ಮಕ್ಕಳನ್ನು ನಾನು ಎಷ್ಟು ನೋಡಿಲ್ಲ? ‘ಎಲ್ಲರ ಜೊತೆ ಮಾತಾಡಿದೆ’ ಅನ್ನುವ ಮಗು ಯಾರ ಜೊತೆಗೂ ಮಾತಾಡಿರುವುದಿಲ್ಲ. ನಿನಗೆ ಬೇಜಾರಾಗಬಾರದೆಂದು ಸುಳ್ಳು ಹೇಳುತ್ತಿದ್ದಾಳೆ ಅಷ್ಟೆ. ನೀನೂ ಹಾಗೇ ಇದ್ದೆ. ಶಾಲೆಯಿಂದ ಬಂದು ಚೆನ್ನಾಗಿತ್ತು ಅನ್ನುತ್ತಿದ್ದೆ, ಟೀಚರು ಅಮ್ಮನನ್ನು ಕರೆಸಿ ‘ಇವ್ಳಿಗೆ ಮಾತು ಬರುತ್ತಾ?’ ಅಂತ ಕೇಳಿದ್ದರು.

ಆಗಸ್ಟ್ ಹತ್ತು. ಮರೆಯಬೇಡ.

ಅಕ್ಕ

ಜುಲೈ ೫

ಅಕ್ಕಾ,

ನೀನು ಬರೆದದ್ದು ಎದೆಗೆ ಚುಚ್ಚಿದ ಹಾಗಾಯಿತು. ಕೋಪ ಬಂತು. ಆಮೇಲೆ ಇನ್ನೆರಡು ಚೀಟಿ ಬಂದವು, ಕೋಪವೆಲ್ಲ ಇಳಿದುಹೋಯಿತು.

ಎರಡನೆಯದು: ‘ಕನ್ನಡಕ ಒರೆಸಿದ್ದು ಏಳು ಸಲ. ಯಾರಾದರೂ ಹತ್ತಿರ ಬಂದಾಗ ಒರೆಸುವುದು. ಕೊಟ್ಟ ಬಿಸ್ಕತ್ತು ತಿನ್ನದೆ ಕಾಗದದಲ್ಲಿ ಸುತ್ತಿ ಇಟ್ಟುಕೊಂಡದ್ದು.’

ಮೂರನೆಯದು: ‘ಕರೆದರೆ ಗಡಿಯಾರ ನೋಡುವುದು. ಕರೆಯದಿದ್ದರೆ ನಮ್ಮನ್ನೇ ನೋಡುತ್ತಾ ಇರುವುದು. ಇಲ್ಲಿ ಸ್ನೇಹಿತರು ಯಾರೂ ಇದ್ದ ಹಾಗಿಲ್ಲ. ಪಾಪ ಅನಿಸಿತು.’

ಆ ‘ಪಾಪ’ ಓದಿ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಗುಬ್ಬಿ ಬಾಗಿಲಲ್ಲಿ ನಿಂತು ನೋಡಿದಳು. ‘ಏನಾಯ್ತಮ್ಮಾ?’ ಅಂದಳು. ಈರುಳ್ಳಿ ಅಂದೆ. ಅಲ್ಲಿ ಈರುಳ್ಳಿ ಇರಲಿಲ್ಲ. ಅವಳು ಚೀಟಿ ನೋಡಿದಳು, ನನ್ನ ಮುಖ ನೋಡಿದಳು, ಏನೂ ಕೇಳದೆ ಒಳಗೆ ಹೋದಳು.

ಅಕ್ಕಾ, ಬಿಸ್ಕತ್ತು ಸುತ್ತಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಗಡಿಯಾರ ನೋಡುವುದೂ ನನ್ನದೇ. ಕೊಡಬಾರದ್ದನ್ನೆಲ್ಲ ಕೊಟ್ಟುಬಿಟ್ಟೆನಲ್ಲ ಮಗುವಿಗೆ! ಮನೆಯಲ್ಲಿ ದಿನವಿಡೀ ನನ್ನೊಬ್ಬಳನ್ನೇ ನೋಡಿ ಬೆಳೆದರೆ ಇನ್ನೇನಾದೀತು? ನಾನು ಪಟ್ಟದ್ದನ್ನು ಅವಳು ಪಡುವುದು ಬೇಡ. ಕಾರ್ಖಾನೆಯಲ್ಲಿ ಒಂದು ಗಂಟೆಗೆ ಎಲ್ಲ ಮುಗಿದ ಮೇಲೆ ಮಕ್ಕಳು ಮೇಲೆ ಕಸ ಗುಡಿಸುತ್ತಾರೆ, ದೊಡ್ಡವರು ಕೆಳಗೆ ಚಹಾ ಕುಡಿಯುತ್ತಾರೆ. ಆಗ ಯಾರನ್ನಾದರೂ ಕೇಳಬಹುದಿತ್ತು. ಆದರೆ ಆ ಹೊತ್ತಿಗೆ ನಾನು ಲೈಬ್ರರಿಗೆ ಪುಸ್ತಕ ಕೊಡಲು ಹೋಗಿರುತ್ತೇನೆ. ಬೇರೆ ದಿನವೂ ಕೊಡಬಹುದು, ನಿಜ. ನಾಲ್ಕು ಜನರ ಮಧ್ಯೆ ನಿಂತು ‘ನನ್ನ ಮಗಳನ್ನ ಕಂಡ್ರೆ ನಿಮ್ಗೆಲ್ಲ ಪಾಪ ಅನ್ಸುತ್ತಾ?’ ಅಂತ ಕೇಳಲು ನನ್ನಿಂದಾಗದು.

ಅವಳನ್ನು ನಿನ್ನ ಹತ್ತಿರ ಕಳಿಸುತ್ತೇನೆ. ಇವರಿಗೆ ಶನಿವಾರ ಹೇಳುತ್ತೇನೆ.

ನಿನ್ನ ತಂಗಿ

ಜುಲೈ ೧೬

ಮರೀ,

ಉತ್ತರ ತಡವಾಯಿತು, ಕಿರುಪರೀಕ್ಷೆಯ ಪೇಪರು ಗುಡ್ಡೆ ಬಿದ್ದಿತ್ತು. ನಿನ್ನ ತೀರ್ಮಾನ ಸರಿಯಾದದ್ದು. ಅರ್ಜಿ ತುಂಬಿ ಕೊಟ್ಟಾಗಿದೆ. ಯಾವತ್ತು ಕೊಟ್ಟೆ ಅಂತ ಕೇಳಬೇಡ. ಗುಬ್ಬಿಗೆ ಕಿಟಕಿ ಕಡೆಯ ಕೋಣೆ. ಹಳೆಯ ಬಟ್ಟೆಗಂಟುಗಳನ್ನೆಲ್ಲ ಹೊರಗೆ ಹಾಕಿಸಿದೆ. ಬರುವಾಗ ಅವಳ ಹುಟ್ಟಿದ ದಿನಾಂಕದ ಪತ್ರ ತಾ, ಎರಡು ಫೋಟೊ ತಾ.

ಅಂದಹಾಗೆ ಗುಬ್ಬಿಗೆ ಕನ್ನಡಕ ಯಾವಾಗ ಬಂತು? ಒಂದೂವರೆ ವರ್ಷದ ಹಿಂದೆ ನೋಡಿದಾಗ ಇರಲಿಲ್ಲ. ಇಷ್ಟು ದೊಡ್ಡ ವಿಷಯ ನನಗೆ ಹೇಳಬಾರದೆ? ಶಾಲೆಯ ಅರ್ಜಿಯಲ್ಲಿ ಕಣ್ಣಿನ ಕಾಲಂ ಇತ್ತು, ‘ಸರಿಯಿದೆ’ ಅಂತ ಬರೆದುಬಿಟ್ಟೆ. ಈಗ ತಿದ್ದಿಸಬೇಕು. ನಂಬರು ಎಷ್ಟು ತಿಳಿಸು.

ಅಕ್ಕ

ಜುಲೈ ೨೦

ಅಕ್ಕಾ,

ಗುಬ್ಬಿಗೆ ಕನ್ನಡಕ ಇಲ್ಲ. ಅದು ಕಾರ್ಖಾನೆಯದು. ಕಣ್ಣಿಗೆ ಮರದ ಪುಡಿ ಬೀಳದಿರಲೆಂದು ಮಕ್ಕಳಿಗೆಲ್ಲ ಪ್ಲಾಸ್ಟಿಕ್ ಕನ್ನಡಕ ಕೊಡುತ್ತಾರೆ. ಅದನ್ನೇ ಒರೆಸುತ್ತಿದ್ದಾಳೆ. ಅರ್ಜಿ ತಿದ್ದಿಸಬೇಡ.

ನನ್ನನ್ನು ಕಂಗೆಡಿಸಿರುವುದು ಬೇರೆ. ನಿನ್ನೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ, ದೊಡ್ಡಮ್ಮನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತೀಯಾ ಅಂತ. ಅಳುತ್ತಾಳೆ, ಕಾಲು ಬಡಿಯುತ್ತಾಳೆ, ನನ್ನನ್ನು ಕಟುಕಿ ಅನ್ನುತ್ತಾಳೆ ಅಂತ ರಾತ್ರಿಯಿಡೀ ಉತ್ತರ ಹೊಂದಿಸಿಟ್ಟಿದ್ದೆ. ಒಂದೂ ಬೇಕಾಗಲಿಲ್ಲ.

‘ಆಗ ಬುಧವಾರದ ಗುಂಪು?’ ಅಂದಳು.

‘ಅದಿರಲ್ಲ.’

‘ನೀನೂ ಹೋಗಲ್ವಾ?’

‘ನೀನಿಲ್ದೆ ನಾನ್ಯಾಕೆ ಹೋಗ್ಲಿ?’

ಸ್ವಲ್ಪ ಹೊತ್ತು ಉಗುರು ಕಚ್ಚಿದಳು. ‘ಸರಿ ಹಾಗಿದ್ರೆ, ಹೋಗ್ತೀನಿ’ ಅಂದಳು. ಅಷ್ಟೇ. ಆಮೇಲೆ ತನ್ನ ಬಟ್ಟೆಗಳನ್ನು ತಾನೇ ಮಡಿಸತೊಡಗಿದಳು. ಇವತ್ತು ಸಂಜೆ ಸೈಟಿನಿಂದ ಬಂದ ಇವರು ‘ನೋಡು, ಎಷ್ಟು ಜಾಣೆ’ ಅಂದರು. ಅಷ್ಟು ಸುಲಭವಾಗಿ ಹೂಂ ಅನ್ನಬೇಕಾದರೆ ಇಲ್ಲಿ ಅವಳು ಎಷ್ಟು ಒಂಟಿಯಾಗಿರಬೇಕು? ಅಥವಾ ನಾನೇ ಬೇಡವಾಗಿದ್ದೇನೆಯೇ? ಯಾವುದೂ ತಿಳಿಯುತ್ತಿಲ್ಲ.

ನಿನ್ನ ತಂಗಿ

ಜುಲೈ ೨೪

ಮರೀ,

ಇದನ್ನು ಕೂತು, ನಿಧಾನವಾಗಿ ಓದು. ನನಗೂ ಖಾತ್ರಿ ಇಲ್ಲ, ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ.

ಪ್ಲಾಸ್ಟಿಕ್ ಕನ್ನಡಕದ ಮಾತು ಓದಿದ ಮೇಲೆ ನಿನ್ನ ಹಳೆಯ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಪುಡಿ ಕೂತಿತು ಅಂತ ಒರೆಸಿದರೆ ಸರಿ. ಯಾರಾದರೂ ಹತ್ತಿರ ಬಂದಾಗ ಯಾಕೆ ಒರೆಸಬೇಕು? ಬೆಂಚು ಕೊಯ್ಯುವ ಮಗು ಕಿಟಕಿ ಪಕ್ಕ ಕೂತು ಏನು ಮಾಡುತ್ತದೆ? ‘ನಮ್ಮನ್ನೇ ನೋಡುತ್ತಾ ಇರುವುದು’ ಅಂತ ಬರೆದಿದೆ. ಗುಬ್ಬಿಯನ್ನು ನೋಡಿ ಬರೆದವರು ದೊಡ್ಡವರಾದರೆ, ಗುಬ್ಬಿ ಅವರನ್ನು ಯಾಕೆ ನೋಡುತ್ತಾ ಕೂರುತ್ತಾಳೆ?

ಆ ಕೋಣೆಯಲ್ಲಿ ಸುಮ್ಮನೆ ಕೂತು ನೋಡುವವರು ಯಾರು? ನೀವು. ಕೈ ಕಟ್ಟಿಕೊಂಡು ಕೂತ ದೊಡ್ಡವರು.

ಅಪ್ಪನ ಸ್ನೇಹಿತರು ಬಂದಾಗ ನಿನ್ನನ್ನು ಹೊರಗೆ ಕರೆಯುತ್ತಿದ್ದರಲ್ಲ. ನೀನು ನನ್ನ ಬೆನ್ನ ಹಿಂದೆ ನಿಂತು ಲಂಗದ ತುದಿಯಲ್ಲಿ ಕನ್ನಡಕ ಒರೆಸುತ್ತಿದ್ದೆ. ಅವರು ಹೋಗುವವರೆಗೂ ಒರೆಸುತ್ತಿದ್ದೆ. ಎಂಟು ವರ್ಷದವಳು. ಚೀಟಿಯಲ್ಲಿರುವುದು ಗುಬ್ಬಿ ಅಲ್ಲ ಕಣೇ. ಆ ಚೀಟಿಯಲ್ಲಿ ನನಗೆ ನೀನೇ ಕಾಣುತ್ತೀಯ.

ಯಾರು ಬರೆದರು, ಯಾಕೆ ಬರೆದರು, ನನಗೆ ಗೊತ್ತಿಲ್ಲ. ತಪ್ಪಾಗಿದ್ದರೂ ಇರಬಹುದು. ದಯವಿಟ್ಟು ಆ ಬಡಗಿಯನ್ನು ಕೇಳು. ಈ ಸಲ ತಲೆಯಾಡಿಸಿ ಬರಬೇಡ, ಯಂತ್ರ ನಿಲ್ಲಿಸಿ ಅನ್ನು, ಬಾಯಿ ಬಿಟ್ಟು ಕೇಳು.

ಇನ್ನೊಂದು ವಿಷಯ. ಅರ್ಜಿಯನ್ನು ನಾನು ಕೊಟ್ಟದ್ದು ಜೂನ್ ಹದಿನಾಲ್ಕಕ್ಕೆ. ಆಗಿನ್ನೂ ನಿನಗೆ ಒಂದು ಚೀಟಿಯೂ ಬಂದಿರಲಿಲ್ಲ. ನಾನು ಶಾಲೆ, ಸ್ನೇಹ, ಶಿಸ್ತು ಅಂತ ಬರೆದದ್ದೆಲ್ಲ ಪೂರಾ ಸುಳ್ಳಲ್ಲ. ಆದರೆ ನನಗೆ ಮಗು ಬೇಕಾಗಿತ್ತು. ದಿನಾ ನಲವತ್ತು ಮಕ್ಕಳ ಗದ್ದಲದಿಂದ ಬಂದು ಬೀಗ ತೆಗೆದರೆ ಮನೆಯಲ್ಲಿ ಒಂದು ಸದ್ದಿಲ್ಲ. ಮಕ್ಕಳನ್ನು ಓದಬಲ್ಲೆ ಅಂತ ಜಂಭ ಪಟ್ಟವಳು, ನನಗೆ ಬೇಕಾದದ್ದನ್ನೇ ಆ ಚೀಟಿಯಲ್ಲಿ ಓದಿಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿದ್ದೇನೆ.

ಅಕ್ಕ

ಆಗಸ್ಟ್ ೧

ಅಕ್ಕಾ,

ನಿನ್ನ ಕಾಗದ ಸಿಕ್ಕಿದ್ದು ಸೋಮವಾರ. ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಆಮೇಲೆ ಸ್ನಾನದ ಮನೆಯ ಕನ್ನಡಿಯ ಮುಂದೆ ಹೋಗಿ ನಿಂತೆ. ಬಂದ ಹಾಗೇ ಕನ್ನಡಕ ತೆಗೆದು ಒರೆಸುತ್ತಿದ್ದೆ.

ನಿನ್ನೆ ಬುಧವಾರ ಹತ್ತು ನಿಮಿಷ ಮೊದಲೇ ಹೋದೆ. ಬಡಗಿ ಮೇಷ್ಟ್ರು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು.

‘ಮೇಷ್ಟ್ರೇ, ನಮ್ಮ ಗೂಡಲ್ಲಿ ಹಾಕೋ ಚೀಟಿ ಯಾರ ಬಗ್ಗೆ?’

‘ನಿಮ್ಮ ಬಗ್ಗೆ. ಮತ್ಯಾರ ಬಗ್ಗೆ?’

‘ಯಾರು ಬರೆಯೋದು?’

‘ಮಕ್ಕಳು. ಮೊದಲ ದಿನವೇ ಹೇಳಿದ್ನಲ್ಲಮ್ಮಾ. ನೀವು ಅವರನ್ನ ನೋಡಿ ಬರೀರಿ, ಅವರು ನಿಮ್ಮನ್ನ ನೋಡಿ ಬರೀತಾರೆ. ಮಕ್ಕಳು ಹೇಗೂ ದೊಡ್ಡವರನ್ನ ನೋಡ್ತಾನೇ ಇರ್ತಾರೆ, ಬರೆದೂ ಬರೀಲಿ ಅಂತ. ಅವರ ಅಕ್ಷರ ದೇವರಿಗೇ ಪ್ರೀತಿ, ಅದಕ್ಕೆ ನಾನು ನಕಲು ಮಾಡ್ತೀನಿ.’

‘ನಾವು ಬರೆದದ್ದು?’

‘ಅದನ್ನ ಚಹಾ ಹೊತ್ತಲ್ಲಿ ಗಟ್ಟಿಯಾಗಿ ಓದ್ತೀವಿ. ನೀವು ಒಂದು ದಿನಾನೂ ಇರಲ್ಲ.’

ಅಕ್ಕಾ, ಎರಡು ತಿಂಗಳು! ಎಂಟು ಬುಧವಾರ ನನ್ನ ಮಗಳ ಬಗ್ಗೆ ಕೆಳಗೆ ಓದುತ್ತಿದ್ದರು, ನಾನು ಲೈಬ್ರರಿಯ ಕೌಂಟರಿನಲ್ಲಿ ನಿಂತು ಪುಸ್ತಕ ಎಣಿಸುತ್ತಿದ್ದೆ. ನಿನ್ನೆ ಹೋಗಲಿಲ್ಲ. ಕೆಳಗಿಳಿದು ಚಹಾಕ್ಕೆ ಕೂತೆ. ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಎರಡನೇ ಮನೆಯ ನರ್ಸಮ್ಮ ತಾವು ಬರೆದದ್ದನ್ನು ಓದಿದರು. ಗುಬ್ಬಿ ಅಳತೆಯ ಹಗ್ಗ ಹಿಡಿದು ನಾಲ್ಕು ಕಾಲಿಗೂ ಒಟ್ಟಿಗೆ ಗುರುತು ಹಾಕೋಣ ಅಂತ ಎಲ್ಲರನ್ನೂ ಕೂಗಿ ಕೂಗಿ ಒಪ್ಪಿಸಿದ್ದು. ಒಪ್ಪದ ಹುಡುಗನ ಜೊತೆ ಜಗಳ ಆಡಿದ್ದು, ಒಂದು ಅಳತೆಯಲ್ಲಿ ಅವನು ಹೇಳಿದ್ದೇ ಸರಿ ಅಂತ ಗೊತ್ತಾದ ಮೇಲೆ ಮುಖ ಊದಿಸಿಕೊಂಡು ಕ್ಷಮೆ ಕೇಳಿದ್ದು. ಅತಿ ಚಿಕ್ಕವಳಿಗೆ ಸುತ್ತಿಗೆ ಹಿಡಿಯಲು ಕಲಿಸಿದ್ದು. ಕೊನೆಗೆ, ‘ಈ ಹುಡುಗಿಗೆ ಸ್ವಲ್ಪ ಬೇರೆಯವರ ಮಾತು ಕೇಳೋದು ಕಲಿಸಬೇಕು’ ಅಂತ ಬರೆದಿದ್ದರು. ಎಲ್ಲರೂ ನಕ್ಕರು. ನಾನೂ ಅವರ ಜೊತೆಗೇ ನಕ್ಕೆ.

ಆಮೇಲೆ ನರ್ಸಮ್ಮ ನನ್ನ ಕಡೆ ತಿರುಗಿ, ‘ತಪ್ಪು ತಿಳ್ಕೋಬೇಡಿ. ನೀವು ಮಕ್ಕಳ ಬಗ್ಗೆ ಬರೆದದ್ದನ್ನ ಕೇಳೋಕೆ ನಾವು ಕಾಯ್ತಿರ್ತೀವಿ. ಅಷ್ಟು ಚೆನ್ನಾಗಿ ಬರೀತೀರ. ಮಾತಾಡ್ಸಿದ್ರೆ ಗಡಿಯಾರ ನೋಡ್ತೀರ. ನಮ್ಮನ್ನ ಕಂಡ್ರೆ ನಿಮ್ಗೆ ಆಗಲ್ಲ ಅಂದ್ಕೊಂಡಿದ್ವಿ’ ಅಂದರು. ‘ಭಯ’ ಅಂದೆ. ಒಂದೇ ಮಾತು. ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ಇದೆಲ್ಲ ಸರಿ. ಆದರೆ ಮನೆಗೆ ಬರುವಾಗ ದಾರಿಯಲ್ಲಿ ನಡೆದದ್ದನ್ನು ಹೇಗೆ ಬರೆಯಲಿ? ನಾನು ಗುಬ್ಬಿಯನ್ನು ಕೇಳಿದೆ.

‘ಆ ಚೀಟಿಗಳೆಲ್ಲ ನನ್ನ ಬಗ್ಗೆ ಅಂತ ನಿಂಗೆ ಗೊತ್ತಿತ್ತಾ?’

‘ಗೊತ್ತಿಲ್ದೆ ಏನು? ಬರೆಯೋದು ನಾವೇ ತಾನೆ? ನಿಂದು ನರ್ಸಮ್ಮನ ಮಗಳು ಬರೆಯೋದು. ಪಾಪ ಅಂತ ಬರೀಬೇಡ ಅಂತ ನಾನು ಹೇಳ್ದೆ. ಕೇಳ್ಲಿಲ್ಲ.’

‘ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?’

‘ನೀನು ಅದನ್ನ ಓದಿ ಅಳ್ತಿದ್ದೆ. ಈರುಳ್ಳಿ ಅಂದೆ. ನಂಗೆ ಗೊತ್ತಾಗ್ಬಾರ್ದು ಅಂತ ಇತ್ತು ನಿಂಗೆ, ಅದಕ್ಕೆ ಸುಮ್ನಾದೆ.’

ನಡೆಯುತ್ತಲೇ ಹೇಳುತ್ತಿದ್ದಳು. ಲಾಂಡ್ರಿಯ ಹತ್ತಿರ ಬಂದಾಗ ನಿಂತಳು.

‘ಬುಧವಾರ ಅಲ್ಲಿ ಕೂರೋದು ನಿಂಗೆ ಕಷ್ಟ ಅಲ್ವಾಮ್ಮ? ದೊಡ್ಡವರು ಯಾರಾದ್ರೂ ಬರ್ಲೇಬೇಕು ಅಂತ ರೂಲು. ನಾನು ದೊಡ್ಡಮ್ಮನ ಹತ್ರ ಹೋದ್ರೆ ನೀನು ಅಲ್ಲಿ ಹೋಗಿ ಕೂರೋದು ತಪ್ಪುತ್ತೆ. ಅದಕ್ಕೇ ಹೂಂ ಅಂದೆ.’

‘ನಿಂಗೆ ಹೋಗ್ಬೇಕು ಅಂತ ಇತ್ತಾ?’

‘ಇಲ್ಲ,’ ಅಂದಳು. ಆಗ ಅತ್ತಳು. ಬಟ್ಟೆ ಮಡಿಸಿದ ದಿನ ಅಳಬೇಕಾದ್ದನ್ನೆಲ್ಲ ರಸ್ತೆಯಲ್ಲಿ ನಿಂತು ಅತ್ತಳು. ಲಾಂಡ್ರಿಯವರು ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು ನೋಡುತ್ತಿದ್ದರು. ನೋಡಲಿ ಬಿಡು ಅಂತ ನಾನೂ ಅತ್ತೆ.

ಅಕ್ಕಾ, ನಿನ್ನ ಆಸೆ ಓದಿ ಸಂಕಟವಾಯಿತು. ನೀನು ನನ್ನನ್ನು ಗುರುತು ಹಿಡಿಯದಿದ್ದರೆ ಮುಂದಿನ ವಾರ ಅವಳನ್ನು ಬಸ್ಸಿಗೆ ಹತ್ತಿಸಿಬಿಡುತ್ತಿದ್ದೆ, ಅವಳ ಒಳ್ಳೆಯದಕ್ಕೆ ಅಂದುಕೊಂಡು. ಅವಳು ನನ್ನ ಒಳ್ಳೆಯದಕ್ಕೆ ಅಂದುಕೊಂಡು ಹತ್ತುತ್ತಿದ್ದಳು. ಹತ್ತು ವರ್ಷದ ಮಗು, ನನ್ನನ್ನು ಆ ಕುರ್ಚಿಯಿಂದ ಎಬ್ಬಿಸುವುದಕ್ಕೆ ಮನೆ ಬಿಡಲು ತಯಾರಾಗಿತ್ತು.

ಅರ್ಜಿ ವಾಪಸು ತಗೋ.

ನಿನ್ನ ತಂಗಿ